ಹೆಸರು ಅದೇ, ಆಳು ಬೇರೆ: ಒಂದು ಕ್ಯಾಲೆಂಡರ್ ತೆರೆಯಲು ಎರಡು ದಿನ

ಸೋಮವಾರ ಬೆಳಿಗ್ಗೆ ಬಂದ ಮೊದಲ ಟಿಕೆಟ್, ಅಂದರೆ ದೂರು, ಒಂದೇ ಸಾಲಿನದು. "ಸರ್ ಕ್ಯಾಲೆಂಡರ್ ಓಪನ್ ಆಗ್ತಿಲ್ಲ, ಪರ್ಮಿಷನ್ ಇಲ್ಲ ಅಂತ ಬರ್ತಿದೆ, ಅರ್ಜೆಂಟ್." ಕಳಿಸಿದವರು ಒಬ್ಬ ಮ್ಯಾನೇಜರಿಗೆ ಹೊಸದಾಗಿ ಬಂದ ಅಸಿಸ್ಟೆಂಟ್ ಮೇಡಂ. ಮ್ಯಾನೇಜರ್ ದಿನವಿಡೀ ಮೀಟಿಂಗುಗಳಲ್ಲೇ ಇರುವ ಮನುಷ್ಯ, ಆ ಮೀಟಿಂಗುಗಳನ್ನು ಹೊಂದಿಸುವುದೇ ಈ ಮೇಡಂ ಕೆಲಸ, ಆದರೆ ಅವರ ಕ್ಯಾಲೆಂಡರೇ ಇವರಿಗೆ ಕಾಣುತ್ತಿಲ್ಲ. ನಾನು ಐಟಿ ಹೆಲ್ಪ್‌ಡೆಸ್ಕ್‌ನಲ್ಲಿದ್ದೇನೆ. ಇಂಥ ಟಿಕೆಟ್ ವಾರಕ್ಕೆ ಎರಡಾದರೂ ಬರುತ್ತವೆ, ಹತ್ತು ನಿಮಿಷದಲ್ಲಿ ಮುಗಿಯುತ್ತವೆ. ಇದೂ ಹಾಗೇ ಅಂದುಕೊಂಡು ಕಾಫಿ ಲೋಟ ಕೈಯಲ್ಲಿ ಹಿಡಿದೇ ಅವರ ಸೀಟಿಗೆ ಹೋದೆ. ಟಿಕೆಟ್ ಮುಚ್ಚಿದ್ದು ಮಂಗಳವಾರ ಸಂಜೆ.

ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವುದೇ. ಮೇಲ್, ಕ್ಯಾಲೆಂಡರ್ ಎರಡೂ ನೋಡುವ ಔಟ್‌ಲುಕ್ ಪ್ರೋಗ್ರಾಂ ಮುಚ್ಚಿ ತೆರೆದೆ. ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದೆ. ಎಡಗಡೆ ಪಟ್ಟಿಯಲ್ಲಿದ್ದ ಆ ಕ್ಯಾಲೆಂಡರನ್ನು ತೆಗೆದು ಮತ್ತೆ ಸೇರಿಸಿದೆ. ಪ್ರತಿ ಸಲವೂ ಅದೇ ಚಿಕ್ಕ ಪೆಟ್ಟಿಗೆ, ಅದೇ ಮಾತು: ಫೋಲ್ಡರ್ ತೆರೆಯಲು ಆಗಲಿಲ್ಲ, ನಿಮಗೆ ಅನುಮತಿ ಇಲ್ಲ, ಫೋಲ್ಡರಿನ ಒಡೆಯರನ್ನು ಕೇಳಿ. ಸರಿ ಅಂತ ಒಡೆಯರನ್ನೇ ಕೇಳಿದೆವು. ಚಾಟ್‌ನಲ್ಲಿ ಉತ್ತರ ಬಂತು, "ನಾನು ಆಗಲೇ ಎರಡು ಸಲ ಶೇರ್ ಮಾಡಿದ್ದೀನಲ್ಲ." ಇಲ್ಲೇ ನಾನು ಎಡವಿದೆ. ಅವರು ಕೊಟ್ಟಿದ್ದಾರೆ ಅಂದಮೇಲೆ ತೊಂದರೆ ಇವರ ಕಂಪ್ಯೂಟರಿನಲ್ಲೇ ಇರಬೇಕು ಅಂತ ತೀರ್ಮಾನ ಮಾಡಿ, ಮಧ್ಯಾಹ್ನದವರೆಗೆ ಆ ಕಂಪ್ಯೂಟರಿನ ಹೊಟ್ಟೆ ಬಗೆದೆ. ಹೊಸ ಪ್ರೊಫೈಲ್ ಮಾಡಿದೆ, ಸೇಫ್ ಮೋಡ್‌ನಲ್ಲಿ ತೆರೆದೆ, ಆಡ್-ಇನ್‌ಗಳನ್ನೆಲ್ಲ ಆರಿಸಿದೆ. ಏನೂ ಬದಲಾಗಲಿಲ್ಲ. ಮೇಡಂ ಪಾಪ ಪಕ್ಕದ ಕುರ್ಚಿಯಲ್ಲಿ ಕೂತು ಫೋನಿನಲ್ಲೇ ಕೆಲಸ ನಡೆಸುತ್ತಿದ್ದರು.

ಊಟ ಆದಮೇಲೆ ಬುದ್ಧಿ ಬಂತು. "ಮೇಡಂ, ಬ್ರೌಸರ್‌ನಲ್ಲಿ ನಿಮ್ಮ ಮೇಲ್ ಒಮ್ಮೆ ತೆರೆಯಿರಿ" ಅಂದೆ. ಔಟ್‌ಲುಕ್‌ನ ವೆಬ್ ಆವೃತ್ತಿ ನೇರವಾಗಿ ಸರ್ವರ್ ಜೊತೆ, ಅಂದರೆ ಎಲ್ಲರ ಮೇಲ್ ಇರುವ ಮುಖ್ಯ ಕಂಪ್ಯೂಟರ್ ಜೊತೆ, ಮಾತಾಡುತ್ತದೆ, ಕಂಪ್ಯೂಟರಿನಲ್ಲಿ ಕೂಡಿಟ್ಟ ಹಳೇ ಪ್ರತಿಗಳನ್ನು ನೋಡುವುದಿಲ್ಲ. ಅಲ್ಲಿ ತೆರೆದುಕೊಂಡರೆ ತಪ್ಪು ಈ ಕಂಪ್ಯೂಟರಿನದು. ಅಲ್ಲೂ ತೆರೆಯದಿದ್ದರೆ ಇಲ್ಲ ಅನ್ನುತ್ತಿರುವುದು ಸರ್ವರೇ, ನಾನು ಇಲ್ಲಿ ಏನು ಉಜ್ಜಿದರೂ ದಂಡ. ಎರಡೇ ನಿಮಿಷದ ಪರೀಕ್ಷೆ. ಬೆಳಿಗ್ಗೆಯೇ ಮಾಡಬೇಕಿತ್ತು ಅಲ್ವಾ? ಬ್ರೌಸರ್‌ನಲ್ಲೂ ಮ್ಯಾನೇಜರ್ ಹೆಸರಿನ ಮುಂದೆ ಬರೀ ಬ್ಯುಸಿ, ಬ್ಯುಸಿ, ಬ್ಯುಸಿ ಅನ್ನೋ ಪಟ್ಟಿಗಳು. ಯಾವ ಮೀಟಿಂಗು, ಎಲ್ಲಿ, ಯಾರ ಜೊತೆ, ಏನೂ ಇಲ್ಲ. ಅಂದರೆ ಸರ್ವರ್ ಪ್ರಕಾರ ಈ ಮೇಡಂ ಕಂಪನಿಯ ಯಾರೋ ಒಬ್ಬರು, ಅಷ್ಟೇ. ಶೇರ್ ಮಾಡಿದ್ದು ಎಲ್ಲೂ ದಾಖಲಾಗಿಲ್ಲ.

ಮ್ಯಾನೇಜರ್ ಸಿಕ್ಕಿದ್ದು ನಾಲ್ಕು ಗಂಟೆಗೆ, ಅದೂ ಹತ್ತು ನಿಮಿಷ. ಅವರ ಔಟ್‌ಲುಕ್‌ನಲ್ಲಿ ಕ್ಯಾಲೆಂಡರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಪರ್ಮಿಷನ್ಸ್. ಒಂದು ಪಟ್ಟಿ ಬಂತು. ಮೊದಲ ಸಾಲು ಡಿಫಾಲ್ಟ್, ಅದರ ಮುಂದೆ ಫ್ರೀ/ಬ್ಯುಸಿ ಟೈಮ್, ಅಂದರೆ ಬಿಡುವಿದೆಯೋ ಇಲ್ಲವೋ ಅಂತಷ್ಟೇ ಕಾಣುತ್ತದೆ. ಎರಡನೇದು ಅನಾನಿಮಸ್, ಅದರ ಮುಂದೆ ನನ್, ಅಂದರೆ ಏನೂ ಇಲ್ಲ. ಆಮೇಲೆ ಇಬ್ಬರು ಸಹೋದ್ಯೋಗಿಗಳ ಹೆಸರು, ರಿವ್ಯೂವರ್ ಅಂತ, ಅಂದರೆ ಓದುವ ಹಕ್ಕು ಮಾತ್ರ. ಕೊನೆಯಲ್ಲಿ ಒಂದು ವಿಚಿತ್ರ ಸಾಲು: ಎನ್‌ಟಿ ಯೂಸರ್, ಒಂದು ಕೋಲನ್, ಆಮೇಲೆ ಎಸ್-1-5-21 ಅಂತ ಶುರುವಾಗಿ ಪೆಟ್ಟಿಗೆಯ ಅಂಚು ದಾಟಿ ಹೋಗುವ ಉದ್ದನೆಯ ಅಂಕಿಗಳ ಸರ. ಅದರ ಮುಂದೆ ಎಡಿಟರ್, ಅಂದರೆ ತಿದ್ದುವ ಹಕ್ಕು. ಮೇಡಂ ಹೆಸರು ಮಾತ್ರ ಎಲ್ಲೂ ಇಲ್ಲ.

"ಸರ್, ಇದೇನು?" ಅಂತ ಆ ಅಂಕಿ ಸಾಲು ತೋರಿಸಿದೆ.

"ಅದು ತುಂಬ ದಿನದಿಂದ ಇದೆ. ಕಂಪ್ಯೂಟರಿನ ಒಳಗಿಂದೇನೋ ಇರಬೇಕು ಅಂತ ಮುಟ್ಟಲಿಲ್ಲ" ಅಂದರು.

"ಮೇಡಂ ಹೆಸರು ಸೇರಿಸಿ ತೋರಿಸ್ತೀರಾ?"

ಸೇರಿಸಿದರು. ಎಡಿಟರ್ ಆರಿಸಿದರು. ಓಕೆ ಒತ್ತಿದರು. ತಕ್ಷಣ ಒಂದು ಸಂದೇಶ ಮೂಡಿತು, ನಾನು ಎರಡು ಪದ ಓದುವಷ್ಟರಲ್ಲಿ ಅದಕ್ಕೂ ಓಕೆ ಒತ್ತಿ ಮುಚ್ಚಿಬಿಟ್ಟರು. "ನೋಡಿ, ಆಯ್ತು" ಅಂದರು. ಹೀಗೇ ಎರಡು ಸಲ ಶೇರ್ ಮಾಡಿದ್ದು! ಮತ್ತೆ ಮಾಡಿಸಿದೆ, ಈ ಸಲ ಮೌಸ್ ನನ್ನ ಕೈಗೆ ತಗೊಂಡೆ. ಬದಲಾಯಿಸಿದ ಅನುಮತಿಗಳನ್ನು ಉಳಿಸಲು ಆಗುವುದಿಲ್ಲ ಅನ್ನೋದು ಆ ಸಂದೇಶದ ತಾತ್ಪರ್ಯ. ಯಾಕೆ ಆಗುವುದಿಲ್ಲ ಅಂತ ಒಂದಕ್ಷರ ಇಲ್ಲ. ಪೆಟ್ಟಿಗೆ ಮತ್ತೆ ತೆರೆದರೆ ಮೇಡಂ ಹೆಸರು ಮಾಯ.

ಆ ಅಂಕಿ ಸಾಲಿನ ಬಗ್ಗೆ ಸ್ವಲ್ಪ ಹೇಳಬೇಕು, ಇಡೀ ಕಥೆ ಅಲ್ಲೇ ಇದೆ. ಪರ್ಮಿಷನ್ ಪಟ್ಟಿಯಲ್ಲಿ ನಮಗೆ ಕಾಣುವುದು ಹೆಸರುಗಳು, ಆದರೆ ಸರ್ವರ್ ಗುರುತಿಟ್ಟುಕೊಳ್ಳುವುದು ಹೆಸರನ್ನಲ್ಲ. ಪ್ರತಿ ಖಾತೆಗೂ ಒಂದು ಭದ್ರತಾ ಗುರುತಿನ ಸಂಖ್ಯೆ ಇರುತ್ತದೆ, ಅದನ್ನು ಎಸ್‌ಐಡಿ ಅನ್ನುತ್ತಾರೆ. ಪಟ್ಟಿಯಲ್ಲಿ ಕೂತಿರುವುದು ಆ ಸಂಖ್ಯೆ. ತೋರಿಸುವಾಗ ಮಾತ್ರ ಡೈರೆಕ್ಟರಿಯಲ್ಲಿ, ಅಂದರೆ ಕಂಪನಿಯ ಖಾತೆಗಳ ಪಟ್ಟಿಯಲ್ಲಿ, ಹುಡುಕಿ ಹೆಸರು ಹಾಕಿ ತೋರಿಸುತ್ತದೆ. ಯಾರಾದರೂ ಕೆಲಸ ಬಿಟ್ಟು ಅವರ ಖಾತೆ ಅಳಿಸಿದರೆ ಸಂಖ್ಯೆ ಪಟ್ಟಿಯಲ್ಲೇ ಉಳಿಯುತ್ತದೆ, ಹುಡುಕಿದರೆ ಹೆಸರು ಸಿಗುವುದಿಲ್ಲ, ಹಾಗಾಗಿ ಬರೀ ಸಂಖ್ಯೆ ಕಾಣುತ್ತದೆ. ಮನೆ ಖಾಲಿ ಮಾಡಿ ಹೋದವರ ಹೆಸರಿನ ಫಲಕ ಕಿತ್ತುಹಾಕಿದ್ದೇವೆ, ಬೀಗದ ಕೈ ಮಾತ್ರ ಗೂಟದಲ್ಲೇ ನೇತಾಡುತ್ತಿದೆ. ಇಂಥ ಅನಾಥ ಸಾಲು ಪಟ್ಟಿಯಲ್ಲಿದ್ದರೆ ಔಟ್‌ಲುಕ್ ಇಡೀ ಪಟ್ಟಿಯನ್ನು ಉಳಿಸಲು ಹೋಗಿ ಅಲ್ಲಿ ಎಡವುವುದು ಉಂಟು.

"ಹಾಗಾದ್ರೆ ಇದು ಹಳೇ ಅಸಿಸ್ಟೆಂಟ್‌ದಾ?" ಅಂತ ಮ್ಯಾನೇಜರ್ ಕೇಳಿದರು. ಅಷ್ಟರಲ್ಲಿ ಬಾಗಿಲ ಬಳಿ ನಿಂತಿದ್ದ ಮೇಡಂ, "ಸರ್, ಅದು ನಾನೇ ಇರಬೇಕು" ಅಂದರು. ನಾವಿಬ್ಬರೂ ಅವರ ಮುಖ ನೋಡಿದೆವು.

ಮೇಡಂ ಹೊಸಬರಲ್ಲ! ಎರಡು ವರ್ಷದ ಹಿಂದೆ ಇದೇ ಕಂಪನಿಯಲ್ಲಿ, ಇದೇ ಮ್ಯಾನೇಜರ್ ಕೈಕೆಳಗೆ ಇದ್ದರಂತೆ. ಬಿಟ್ಟು ಹೋಗಿದ್ದರು, ಮೂರು ವಾರದ ಹಿಂದೆ ವಾಪಸ್ ಬಂದಿದ್ದಾರೆ. ನಾನು ಕೆಲಸಕ್ಕೆ ಸೇರಿ ಒಂದೂವರೆ ವರ್ಷ, ನನಗೆ ಹೇಗೆ ಗೊತ್ತಿರಬೇಕು? ಹೋದಾಗ ಖಾತೆ ಅಳಿಸಿದ್ದಾರೆ. ಬಂದಾಗ ಅದೇ ಹೆಸರಿನಲ್ಲಿ, ಅದೇ ಮೇಲ್ ವಿಳಾಸದಲ್ಲಿ ಹೊಸ ಖಾತೆ ಮಾಡಿದ್ದಾರೆ. ನಮ್ಮ ಕಣ್ಣಿಗೆ ಇಬ್ಬರೂ ಒಬ್ಬರೇ. ಸರ್ವರ್ ಕಣ್ಣಿಗೆ ಹಳೇ ಮೇಡಂ ತೀರಿಹೋಗಿದ್ದಾರೆ, ಹೊಸ ಮೇಡಂಗೆ ಅವರ ನೆಂಟಸ್ತಿಕೆಯೂ ಇಲ್ಲ. ಇದನ್ನು ಅವರಿಗೆ ಹೇಳಿದಾಗ, "ಅಂದ್ರೆ ನನ್ನ ದಾರಿಗೆ ನಾನೇ ಅಡ್ಡ ನಿಂತಿದ್ದೀನಿ ಅನ್ನಿ" ಅಂತ ನಕ್ಕರು.

ಹತ್ತು ನಿಮಿಷ ಮುಗಿದಿತ್ತು. ಏಳುವ ಮೊದಲು ಮ್ಯಾನೇಜರ್ ಕೈಯಲ್ಲೇ ಅವರ ಕ್ಯಾಲೆಂಡರಿನಲ್ಲಿ ಒಂದು ಗುರುತಿನ ಮೀಟಿಂಗ್ ಹಾಕಿಸಿದೆ, ಶುಕ್ರವಾರ ನಾಲ್ಕು ಗಂಟೆ, "ಟೆಸ್ಟ್, ಅಳಿಸಬೇಡಿ". ಮೇಡಂ ಕಡೆ ಆ ಹೆಸರು ಕಂಡರೆ ಪರ್ಮಿಷನ್ ಬಂದಿದೆ ಅಂತ ಅರ್ಥ, ಬರೀ ಬ್ಯುಸಿ ಅಂತ ಕಂಡರೆ ಬಂದಿಲ್ಲ.

ನನ್ನ ಸೀಟಿಗೆ ವಾಪಸ್ ಬಂದಾಗ ಪಕ್ಕದವನು ಒಂದು ಉಪಾಯ ಹೇಳಿದ. "ಡಿಫಾಲ್ಟ್ ಸಾಲನ್ನೇ ಎಡಿಟರ್ ಮಾಡಿಬಿಡು ಗುರು, ಎಲ್ಲರಿಗೂ ತೆರೆಯತ್ತೆ, ಅವರಿಗೂ ತೆರೆಯತ್ತೆ." ತಮಾಷೆ ಅಲ್ಲ, ಜನ ನಿಜವಾಗಲೂ ಹೀಗೆ ಮಾಡುತ್ತಾರೆ. ಡಿಫಾಲ್ಟ್ ಅಂದರೆ ಪಟ್ಟಿಯಲ್ಲಿ ಹೆಸರಿಲ್ಲದ, ಆದರೆ ಕಂಪನಿಯೊಳಗಿನ ಪ್ರತಿಯೊಬ್ಬರೂ. ಅದಕ್ಕೆ ಎಡಿಟರ್ ಕೊಟ್ಟರೆ ನಿನ್ನೆ ಸೇರಿದ ಟ್ರೈನಿ ಕೂಡ ಮ್ಯಾನೇಜರ್ ಮೀಟಿಂಗ್ ಅಳಿಸಬಹುದು. ನಾನೂ ಒಮ್ಮೆ ಇದನ್ನು ಮಾಡಿ ಕೈ ಸುಟ್ಟುಕೊಂಡವನೇ. ಹಿಂದಿನ ಕೆಲಸದಲ್ಲಿ, ಆತುರದಲ್ಲಿ ಒಬ್ಬರ ಡಿಫಾಲ್ಟನ್ನು ರಿವ್ಯೂವರ್ ಮಾಡಿ, ಸಂಜೆ ವಾಪಸ್ ಇಡ್ತೀನಿ ಅಂತ ಮರೆತೆ. ಅವರು ಯಾರ ಜೊತೆ ಸಂಬಳದ ಮಾತುಕತೆ ಇಟ್ಟುಕೊಂಡಿದ್ದಾರೆ ಅನ್ನೋದು ಒಂದು ವಾರ ಇಡೀ ಮಹಡಿಗೆ ಕಾಣುತ್ತಿತ್ತು. ಯಾರೂ ಹೇಳಲಿಲ್ಲ, ಎಲ್ಲರೂ ನೋಡಿದರು.

ಇನ್ನೊಂದು ವಿಷಯ, ಇದು ಜಾಸ್ತಿ ಜನಕ್ಕೆ ಗೊತ್ತಿರುವುದಿಲ್ಲ. ಪಟ್ಟಿಯಲ್ಲಿ ನಿಮ್ಮ ಹೆಸರೇ ಪ್ರತ್ಯೇಕವಾಗಿ ಇದ್ದರೆ ನಿಮಗೆ ನಡೆಯುವುದು ಆ ಸಾಲು, ಡಿಫಾಲ್ಟ್ ಅಲ್ಲ. ಡಿಫಾಲ್ಟ್ ಎಷ್ಟೇ ಧಾರಾಳವಾಗಿರಲಿ, ನಿಮ್ಮ ಹೆಸರಿನ ಮುಂದೆ ಯಾರೋ ನನ್ ಅಂತ ಇಟ್ಟಿದ್ದರೆ ನಿಮಗೆ ಏನೂ ಕಾಣುವುದಿಲ್ಲ. "ಎಲ್ಲರಿಗೂ ಕಾಣತ್ತೆ, ನನಗೊಬ್ಬನಿಗೇ ಕಾಣಲ್ಲ" ಅನ್ನುವ ಟಿಕೆಟ್ ಬಂದರೆ ನಾನು ಮೊದಲು ನೋಡುವುದು ಇದನ್ನೇ.

ಔಟ್‌ಲುಕ್ ಕಿಟಕಿಯಿಂದ ಆ ಅನಾಥ ಸಾಲನ್ನು ತೆಗೆಯಲು ಹೋದರೂ ಉಳಿಸುವಾಗ ಅದೇ ತಪ್ಪು ಬರುತ್ತಿತ್ತು. ಹಾಗಾಗಿ ಮಂಗಳವಾರ ಬೆಳಿಗ್ಗೆ ಪವರ್‌ಶೆಲ್, ಅಂದರೆ ಕಮಾಂಡ್ ಬರೆದು ಕೆಲಸ ಮಾಡಿಸುವ ಕಿಟಕಿ. ನಮ್ಮ ಮೇಲ್ ಸರ್ವರ್ ಆದ ಎಕ್ಸ್‌ಚೇಂಜ್ ಕಡೆಯ ಕಮಾಂಡ್‌ಗಳು ನಮ್ಮಲ್ಲಿ ಸೀನಿಯರ್ ಅಡ್ಮಿನ್ ಕೈಯಲ್ಲಿವೆ, ಅವರ ಪಕ್ಕ ಕೂತೆ. ಗೆಟ್-ಮೇಲ್‌ಬಾಕ್ಸ್‌ಫೋಲ್ಡರ್‌ಪರ್ಮಿಷನ್ ಅಂತ ಬರೆದು, ಮ್ಯಾನೇಜರ್ ವಿಳಾಸ ಹಾಕಿ, ಕೋಲನ್, ಹಿಂದಕ್ಕೆ ವಾಲಿದ ಗೆರೆ, ಕ್ಯಾಲೆಂಡರ್. ಎಂಟರ್. ಕೆಂಪು ಅಕ್ಷರಗಳ ಸಾಲು ಸಾಲು ಬಿತ್ತು: ಅಂಥ ಫೋಲ್ಡರ್ ಸಿಗಲಿಲ್ಲ.

ಸಿಗಲಿಲ್ಲವಾ? ನಿನ್ನೆ ತಾನೇ ಕಣ್ಣಾರೆ ನೋಡಿದ ಕ್ಯಾಲೆಂಡರ್!

ಸೀನಿಯರ್ ಗಾಬರಿಯಾಗಲಿಲ್ಲ. "ಇವರ ಮೇಲ್‌ಬಾಕ್ಸ್ ಮೊದಲು ಯಾವ ಭಾಷೆಯಲ್ಲಿ ತೆರೆದಿದ್ದು?" ಅಂದರು. ಮೇಲ್‌ಬಾಕ್ಸನ್ನು ಮೊದಲ ಸಲ ತೆರೆದಾಗ ಆರಿಸಿದ ಭಾಷೆಯಲ್ಲೇ ಫೋಲ್ಡರುಗಳ ಹೆಸರು ಹುಟ್ಟುತ್ತವಂತೆ. ಗೆಟ್-ಮೇಲ್‌ಬಾಕ್ಸ್‌ಫೋಲ್ಡರ್‌ಸ್ಟಾಟಿಸ್ಟಿಕ್ಸ್ ಅನ್ನುವ ಇನ್ನೊಂದು ಕಮಾಂಡಿಗೆ ಫೋಲ್ಡರ್‌ಸ್ಕೋಪ್ ಕ್ಯಾಲೆಂಡರ್ ಅಂತ ಕೊಟ್ಟರೆ, ಹೆಸರು ಯಾವ ಭಾಷೆಯಲ್ಲಿದ್ದರೂ ಹುಡುಕಿ ಕೊಡುತ್ತದೆ. ಬಂದ ಉತ್ತರ ಫ್ರೆಂಚ್: ಕಲಾಂದ್ರಿಯೇ. ಮ್ಯಾನೇಜರ್ ಈ ಕಂಪನಿಗೆ ಸೇರಿದಾಗ ಫ್ರೆಂಚ್ ತಂಡದಲ್ಲಿದ್ದರಂತೆ. ಆಮೇಲೆ ಪರದೆಯ ಭಾಷೆ ಬದಲಾಯಿಸಿಕೊಂಡಿದ್ದಾರೆ, ಒಳಗಿನ ಹೆಸರು ಹಾಗೇ ಉಳಿದಿದೆ. ನಾನೊಬ್ಬನೇ ಆಗಿದ್ದರೆ ಈ ಒಂದು ತಿರುವಿನಲ್ಲಿ ಅರ್ಧ ದಿನ ಹೋಗುತ್ತಿತ್ತು.

ಸರಿಯಾದ ಹೆಸರು ಕೊಟ್ಟಮೇಲೆ ಪಟ್ಟಿ ಬಂತು, ಅನಾಥ ಸಾಲು ಅಲ್ಲೂ ಇತ್ತು. ರಿಮೂವ್-ಮೇಲ್‌ಬಾಕ್ಸ್‌ಫೋಲ್ಡರ್‌ಪರ್ಮಿಷನ್, ಯೂಸರ್ ಅಂತ ಇರುವಲ್ಲಿ ಎನ್‌ಟಿ ಯೂಸರ್‌ನಿಂದ ಹಿಡಿದು ಕೊನೆಯ ಅಂಕಿಯವರೆಗೆ ಉದ್ಧರಣ ಚಿಹ್ನೆಯೊಳಗೆ ಹಾಗೇ ಕಾಪಿ ಮಾಡಿ ಹಾಕಿದೆವು. ಕೈಯಲ್ಲಿ ಟೈಪ್ ಮಾಡಲು ಹೋಗಬೇಡಿ, ಒಂದು ಅಂಕಿ ತಪ್ಪಿದರೂ ಸಿಗುವುದಿಲ್ಲ. ಖಂಡಿತಾ ತೆಗೆಯಲಾ ಅಂತ ಕೇಳಿತು, ಹೂಂ ಅಂದೆವು, ಹೋಯಿತು. ಒಂದು ಸದ್ದೂ ಇಲ್ಲದೆ ಹೋಯಿತು. ಇದಕ್ಕೂ ಬಗ್ಗದಿದ್ದರೆ ಅದೇ ಕಮಾಂಡಿಗೆ ರೀಸೆಟ್‌ಡೆಲಿಗೇಟ್‌ಯೂಸರ್‌ಕಲೆಕ್ಷನ್ ಅನ್ನುವ ಇನ್ನೊಂದು ಸ್ವಿಚ್ ಇದೆ, ಕೆಟ್ಟುಹೋದ ಡೆಲಿಗೇಟ್ ದಾಖಲೆಯನ್ನು, ಅಂದರೆ ಒಡೆಯರ ಪರವಾಗಿ ಮೀಟಿಂಗ್ ನೋಡಿಕೊಳ್ಳುವವರ ದಾಖಲೆಯನ್ನು, ಒಟ್ಟಿಗೆ ಗುಡಿಸಿಹಾಕುತ್ತದೆ. ಆದರೆ ಆಮೇಲೆ ಇದ್ದ ಡೆಲಿಗೇಟ್‌ಗಳನ್ನೆಲ್ಲ ಮತ್ತೆ ಸೇರಿಸಬೇಕು. "ಅದು ಕೊಡಲಿ ಏಟು, ಈಗ ಬೇಡ" ಅಂದರು ಸೀನಿಯರ್.

ಆಮೇಲೆ ಹೊಸ ಮೇಡಂ ಸೇರಿಸುವುದು. ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಆಡ್ ಇಂದ ಶುರುವಾಗುವ ಕಮಾಂಡ್, ಆಗಲೇ ಪಟ್ಟಿಯಲ್ಲಿದ್ದು ಮಟ್ಟ ಬದಲಾಯಿಸಬೇಕಾದವರಿಗೆ ಸೆಟ್. ಇದನ್ನು ಅದಲುಬದಲು ಮಾಡಿದರೆ, ಆಗಲೇ ಇದೆ ಅಂತಲೋ ಅಂಥದ್ದೇ ಇಲ್ಲ ಅಂತಲೋ ಬೈಯುತ್ತದೆ. ನನಗೆ ಈ ಬೈಗುಳ ಇಷ್ಟ, ಯಾಕಂದರೆ ಇಡೀ ವ್ಯವಸ್ಥೆಯಲ್ಲಿ ನಿಜವಾದ ಕಾರಣ ಹೇಳುವ ಸಂದೇಶಗಳು ಇವೆರಡೇ.

ಯಾವ ಮಟ್ಟ ಕೊಡಬೇಕು ಅನ್ನೋದು ಇನ್ನೊಂದು ಗೊಂದಲ. ಔಟ್‌ಲುಕ್ ಪಟ್ಟಿಯಲ್ಲಿ ಆಥರ್, ಎಡಿಟರ್, ಕಾಂಟ್ರಿಬ್ಯೂಟರ್, ರಿವ್ಯೂವರ್, ಪಬ್ಲಿಷಿಂಗ್ ಎಡಿಟರ್ ಅಂತ ಪತ್ರಿಕಾ ಕಚೇರಿಯ ಹುದ್ದೆಗಳಂತೆ ಹೆಸರುಗಳಿವೆ, ಕೇಳಿದರೆ ಏನೂ ತಿಳಿಯುವುದಿಲ್ಲ. ರಿವ್ಯೂವರ್ ಓದಬಹುದು, ಅಷ್ಟೇ. ಆಥರ್ ಎಲ್ಲವನ್ನೂ ಓದಬಹುದು, ಹೊಸದು ಹಾಕಬಹುದು, ಆದರೆ ತಿದ್ದುವುದು ಅಳಿಸುವುದು ತಾನು ಹಾಕಿದ್ದನ್ನು ಮಾತ್ರ. ಎಡಿಟರ್ ಬೇರೆಯವರು ಹಾಕಿದ್ದನ್ನೂ ತಿದ್ದಬಹುದು. ಎಲ್ಲಕ್ಕಿಂತ ತಮಾಷೆ ಕಾಂಟ್ರಿಬ್ಯೂಟರ್. ಹೆಸರು ಕೇಳಿ ಇದು ಸಾಕು ಅನ್ನಿಸುತ್ತದೆ, ಆದರೆ ಅವರು ಹೊಸದು ಹಾಕಬಹುದೇ ಹೊರತು ಒಳಗೆ ಏನಿದೆ ಅಂತ ನೋಡಲು ಆಗುವುದಿಲ್ಲ. ಅಂಚೆಪೆಟ್ಟಿಗೆಗೆ ಕಾಗದ ಹಾಕಿದ ಹಾಗೆ. ಅಸಿಸ್ಟೆಂಟ್‌ಗಳಿಗೆ ಆಥರ್ ಕೊಟ್ಟು, "ಸೇರಿಸಕ್ಕೆ ಆಗತ್ತೆ, ಟೈಮ್ ಬದಲಾಯಿಸಕ್ಕೆ ಆಗಲ್ಲ" ಅನ್ನುವ ದೂರು ಬರುವುದು ಮಾಮೂಲು. ಅದು ತಪ್ಪೇ ಅಲ್ಲ, ಹೇಳಿದ್ದನ್ನೇ ಮಾಡುತ್ತಿದೆ. ನಾವು ಎಡಿಟರ್ ಕೊಟ್ಟೆವು.

ಬ್ರೌಸರ್‌ನಲ್ಲಿ ನೋಡಿದರೆ ಬರಲಿಲ್ಲ. ನನ್ನ ಎದೆ ಧಸಕ್ ಅಂತು. "ಸುಮ್ನೆ ಕೂತ್ಕೊಳ್ಳಿ, ಸರ್ವರ್‌ನಲ್ಲಿ ಹರಡಕ್ಕೆ ಟೈಮ್ ಬೇಕು, ಒಂದೊಂದ್ಸಲ ಒಂದು ಗಂಟೆನೂ ಆಗತ್ತೆ" ಅಂದರು ಸೀನಿಯರ್. ಈ ಕೆಲಸದಲ್ಲಿ ನನಗೆ ಬಹಳ ಕಷ್ಟದ ಭಾಗ ಇದೇ, ಕೈ ಕಟ್ಟಿ ಕೂರುವುದು. ಕಾಯದೆ ಇನ್ನೊಂದು ಬದಲಾವಣೆ ಮಾಡಿದರೆ, ಆಮೇಲೆ ಸರಿಹೋದಾಗ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. ಸುಮಾರು ಇಪ್ಪತ್ತು ನಿಮಿಷಕ್ಕೆ ಪುಟ ರಿಫ್ರೆಶ್ ಮಾಡಿದಾಗ ಬ್ಯುಸಿ ಪಟ್ಟಿಗಳ ಮೇಲೆ ಅಕ್ಷರ ಮೂಡಿದವು. ಶುಕ್ರವಾರ ನಾಲ್ಕಕ್ಕೆ, "ಟೆಸ್ಟ್, ಅಳಿಸಬೇಡಿ".

ಮೇಡಂ ಚಪ್ಪಾಳೆ ತಟ್ಟಿದರು. ನಾನು ಔಟ್‌ಲುಕ್ ತೆರೆದೆ. ಅದೇ ಹಳೇ ಪೆಟ್ಟಿಗೆ: ನಿಮಗೆ ಅನುಮತಿ ಇಲ್ಲ.

ಆದರೆ ಈ ಸಲ ಹೆದರಿಕೆಯಾಗಲಿಲ್ಲ. ಬ್ರೌಸರ್‌ನಲ್ಲಿ ತೆರೆದಿದೆ ಅಂದರೆ ಸರ್ವರ್ ಒಪ್ಪಿದೆ, ಈಗ ಇಲ್ಲ ಅನ್ನುತ್ತಿರುವುದು ಕಂಪ್ಯೂಟರ್. ನಿನ್ನೆ ಬಗೆದ ಹೊಟ್ಟೆಯನ್ನೇ ಇವತ್ತು ಬಗೆಯಬೇಕು, ಆದರೆ ಇವತ್ತು ಕಾರಣ ಇದೆ. ಔಟ್‌ಲುಕ್ ಸಾಮಾನ್ಯವಾಗಿ ಕ್ಯಾಶ್ಡ್ ಮೋಡ್‌ನಲ್ಲಿ ನಡೆಯುತ್ತದೆ, ಅಂದರೆ ಮೇಲ್‌ಬಾಕ್ಸಿನ ಒಂದು ಪ್ರತಿಯನ್ನು ಓಎಸ್‌ಟಿ ಅನ್ನುವ ಫೈಲಿನಲ್ಲಿ ಕಂಪ್ಯೂಟರಿನಲ್ಲೇ ಇಟ್ಟುಕೊಂಡು ಅದನ್ನೇ ತೋರಿಸುತ್ತದೆ. ಹಂಚಿಕೊಂಡ ಫೋಲ್ಡರುಗಳ ಪ್ರತಿಯೂ ಅದರಲ್ಲೇ. ನಿಜವಾಗಲೂ ಇದೇ ತೊಂದರೆಯಾ ಅಂತ ನೋಡಲು ಖಾತೆಯ ಸೆಟ್ಟಿಂಗಿಗೆ ಹೋಗಿ ಕ್ಯಾಶ್ಡ್ ಮೋಡ್ ಗುರುತು ತೆಗೆದು ಔಟ್‌ಲುಕ್ ಮತ್ತೆ ತೆರೆದೆ. ಕ್ಯಾಲೆಂಡರ್ ಬಂತು. ಗುರುತು ವಾಪಸ್ ಹಾಕಿದೆ. ಹೋಯಿತು. ಇನ್ನು ಅನುಮಾನವೇ ಇಲ್ಲ. ಎಡಗಡೆ ಪಟ್ಟಿಯಿಂದ ಕ್ಯಾಲೆಂಡರ್ ತೆಗೆದೆ, ಡೌನ್‌ಲೋಡ್ ಶೇರ್ಡ್ ಫೋಲ್ಡರ್ಸ್ ಅನ್ನುವ ಗುರುತನ್ನೂ ತೆಗೆದು ಔಟ್‌ಲುಕ್ ಮುಚ್ಚಿದೆ, ತೆರೆದೆ, ಕಂಪನಿಯ ಅಡ್ರೆಸ್ ಬುಕ್‌ನಿಂದ ಮ್ಯಾನೇಜರ್ ಹೆಸರು ಹುಡುಕಿ ಸೇರಿಸಿದೆ. ಆಗ ಸರಿಯಾಗಿ ನಿಂತಿತು.

ಅಡ್ರೆಸ್ ಬುಕ್‌ನಿಂದ ಅಂತ ಒತ್ತಿ ಹೇಳಲು ಕಾರಣ ಇದೆ. ಮಧ್ಯಾಹ್ನ ಮ್ಯಾನೇಜರ್ ಕರೆದು, "ಇವರಿಗೆ ಮೇಲ್ ಕಳಿಸಿದರೆ ವಾಪಸ್ ಬರ್ತಿದೆ, ಇದೂ ಅದೇ ತೊಂದರೆನಾ?" ಅಂತ ಒಂದು ಮೇಲ್ ತೋರಿಸಿದರು. ತಲುಪಲಿಲ್ಲ ಅನ್ನುವ ಸಂದೇಶ. ವಿಳಾಸ ಇರಬೇಕಾದ ಜಾಗದಲ್ಲಿ ಐಎಂಸಿಇಎಇಎಕ್ಸ್ ಅಂತ ಶುರುವಾಗುವ, ಅಡ್ಡಗೆರೆ ಕೂಡುಗುರುತುಗಳಿಂದ ತುಂಬಿದ ಒಂದು ಗಜ ಉದ್ದದ ಕಸ. ಕೆಳಗೆ ಸ್ಕ್ರೋಲ್ ಮಾಡಿದರೆ ಇಂಥವೇ ಇನ್ನೂ ನಾಲ್ಕು, ಒಂದನ್ನೂ ತೆರೆದಿಲ್ಲ. ಮೇಡಂ ಮತ್ತೆ ಇಲ್ಲೂ ಇಬ್ಬರು! ಮೇಲ್ ಬರೆಯುವಾಗ ಎರಡಕ್ಷರ ಒತ್ತಿದರೆ ಹೆಸರು ತಾನೇ ಬರುತ್ತದಲ್ಲ, ಆ ನೆನಪಿನ ಪಟ್ಟಿ ಕಂಪನಿಯೊಳಗಿನವರಿಗೆ ಮೇಲ್ ವಿಳಾಸವನ್ನಲ್ಲ, ಎಕ್ಸ್‌ಚೇಂಜ್‌ನ ಒಳ ವಿಳಾಸವನ್ನು ಇಟ್ಟುಕೊಂಡಿರುತ್ತದೆ. ಹಳೇ ಖಾತೆಯ ಜೊತೆ ಆ ಒಳ ವಿಳಾಸವೂ ಸತ್ತಿದೆ. ಟು ಪೆಟ್ಟಿಗೆಯಲ್ಲಿ ಹೆಸರು ಬರೆದು, ಇಳಿದು ಬಂದ ಸಾಲಿನ ಬಲತುದಿಯ ಗುಣಿಸು ಗುರುತು ಒತ್ತಿ ಅದನ್ನು ತೆಗೆಸಿದೆ. ಕ್ಯಾಲೆಂಡರ್ ಹಂಚುವ ಆಹ್ವಾನವನ್ನು ಮೇಲ್ ಮೂಲಕ ಕಳಿಸಿದ್ದರೂ ಇದೇ ಗುಂಡಿಗೆ ಬೀಳುತ್ತಿತ್ತು. ಸ್ವಂತ ಕಾಂಟ್ಯಾಕ್ಟ್ಸ್ ಪಟ್ಟಿಯಲ್ಲಿ ಉಳಿದ ಹಳೇ ನಮೂದನ್ನು ಆರಿಸಿ ಪರ್ಮಿಷನ್ ಕೊಡಲು ಹೋದರೆ, ಹೊರಗಿನವರಿಗೆ ಈ ಸರ್ವರ್‌ನಲ್ಲಿ ಹಕ್ಕು ಕೊಡಲಾಗದು ಅನ್ನುವ ಅರ್ಥದ ಇನ್ನೊಂದು ತಪ್ಪು ಬರುತ್ತದೆ. ಒಳಗೇ ಕೂತವರನ್ನು ಹೊರಗಿನವರು ಅನ್ನುತ್ತದೆ!

ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಮೂರು ಗಂಟೆಗೆ ಮೇಡಂ ಮತ್ತೆ ಕರೆದರು. "ನೋಡಿ, ಎಲ್ಲ ಕಾಣತ್ತೆ, ಆದರೆ ಕೆಲವು ಮಾತ್ರ ಪ್ರೈವೇಟ್ ಅಪಾಯಿಂಟ್‌ಮೆಂಟ್ ಅಂತಷ್ಟೇ ಇದೆ. ಇನ್ನೂ ಪೂರ್ತಿ ಸರಿಯಾಗಿಲ್ಲ." ಸರಿಯಾಗಿದೆ, ಪೂರ್ತಿ ಸರಿಯಾಗಿದೆ. ಬೀಗದ ಚಿತ್ರ ಇರುವವನ್ನು ಮ್ಯಾನೇಜರೇ ಪ್ರೈವೇಟ್ ಅಂತ ಗುರುತು ಮಾಡಿದ್ದಾರೆ, ಎಡಿಟರ್ ಆದರೂ ಅದರ ಒಳಗು ಕಾಣುವುದಿಲ್ಲ. ಕಾಣಬೇಕಾದರೆ ಮೇಡಂ ಡೆಲಿಗೇಟ್ ಆಗಬೇಕು, ಜೊತೆಗೆ ಪ್ರೈವೇಟ್ ನೋಡಬಹುದು ಅನ್ನುವ ಗುರುತೂ ಬೇಕು. ಕಮಾಂಡಿನಲ್ಲಿ ಎಡಿಟರ್ ಜೊತೆಗೆ ಡೆಲಿಗೇಟ್, ಕ್ಯಾನ್‌ವ್ಯೂಪ್ರೈವೇಟ್‌ಐಟಮ್ಸ್ ಅನ್ನುವ ಎರಡು ಬಾವುಟ, ಅಂದರೆ ಹೆಚ್ಚುವರಿ ಗುರುತು, ಹಾಕಬೇಕು. ಡೆಲಿಗೇಟ್ ಆದವರಿಗೆ ಮೀಟಿಂಗ್ ಕರೆಗಳೂ ಬರುತ್ತವೆ, ಮ್ಯಾನೇಜರ್ ಪರವಾಗಿ ಒಪ್ಪಬಹುದು, ಬೇಡ ಅನ್ನಬಹುದು. ಆದರೆ ಇದು ನಾನು ತೀರ್ಮಾನ ಮಾಡುವ ವಿಷಯ ಅಲ್ಲ.

ಮ್ಯಾನೇಜರ್ ಬಳಿ ಹೋಗಿ ಕೇಳಿದೆ. "ಡೆಲಿಗೇಟ್ ಮಾಡಿ, ಪ್ರೈವೇಟ್ ಮಾತ್ರ ಬೇಡ" ಅಂದರು. ಸ್ವಲ್ಪ ತಡೆದು, "ಪ್ರೈವೇಟ್ ಅಂದ್ರೆ ಯಾರಿಗೂ ಕಾಣಲ್ಲ ತಾನೇ?" ಅಂದರು. ಅದಕ್ಕೆ ನಿಜವನ್ನೇ ಹೇಳಿದೆ: ಔಟ್‌ಲುಕ್ ಆ ವಿವರಗಳನ್ನು ಮರೆಮಾಡುತ್ತದೆ, ಆದರೆ ಅದು ಪರದೆ, ಗೋಡೆ ಅಲ್ಲ. ಕ್ಯಾಲೆಂಡರ್ ಓದುವ ಹಕ್ಕಿರುವವರು ಬೇರೆ ಪ್ರೋಗ್ರಾಂ ಮೂಲಕ ನೋಡಿದರೆ ಕಂಡರೂ ಕಾಣಬಹುದು. ಬೇರೆಯವರು ನೋಡಲೇಬಾರದು ಅನ್ನುವುದಿದ್ದರೆ ಅದನ್ನು ಪ್ರತ್ಯೇಕ ಕ್ಯಾಲೆಂಡರಿನಲ್ಲಿ ಇಟ್ಟು, ಆ ಕ್ಯಾಲೆಂಡರನ್ನು ಯಾರಿಗೂ ಹಂಚಬಾರದು. ಅವರು ಏನೂ ಹೇಳಲಿಲ್ಲ. ನಾನು ಬಾಗಿಲು ದಾಟುವ ಮೊದಲೇ ಹೊಸ ಕ್ಯಾಲೆಂಡರ್ ಮಾಡುವುದು ಎಲ್ಲಿ ಅಂತ ಕೇಳಿದರು.

ಡೆಲಿಗೇಟ್ ಬಾವುಟ ಹಾಕಿದೆವು. ಅದೇ ಹೊತ್ತಿಗೆ ಸೀನಿಯರ್ ಹತ್ತಿರ ಇನ್ನೊಂದು ಕೆಲಸವನ್ನೂ ಮಾಡಿಸಿಕೊಂಡೆ. ಬೇರೆ ಮೇಲ್‌ಬಾಕ್ಸ್‌ಗಳ ಕ್ಯಾಲೆಂಡರುಗಳಲ್ಲೂ ಎನ್‌ಟಿ ಯೂಸರ್ ಅಂತ ಶುರುವಾಗುವ ಸಾಲುಗಳಿವೆಯಾ ಅಂತ ಒಂದು ಪುಟ್ಟ ಸ್ಕ್ರಿಪ್ಟ್ ಓಡಿಸಿದರು. ಬಂದ ಪಟ್ಟಿ ಪರದೆ ದಾಟಿ ಹೋಯಿತು. ಸೀನಿಯರ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, "ಇದನ್ನ ನೀವೇ ಕೂತು ಕ್ಲೀನ್ ಮಾಡಿ" ಅಂದರು. ಈಗ ಅದು ನನ್ನ ಕೆಲಸ. ದಿನಕ್ಕೆ ಹತ್ತರಂತೆ ಮಾಡುತ್ತಿದ್ದೇನೆ. ಜೊತೆಗೆ, ಕೆಲಸಕ್ಕೆ ಸೇರುವವರ ಖಾತೆ ಮಾಡುವ ಫಾರ್ಮಿನಲ್ಲಿ, "ಇವರು ಹಿಂದೆ ಇಲ್ಲಿ ಇದ್ದರಾ?" ಅಂತ ಒಂದು ಸಾಲೂ ಸೇರಿಸಿದ್ದೇವೆ.

ಶುಕ್ರವಾರ ಮೂರೂಮುಕ್ಕಾಲಿಗೆ ಮ್ಯಾನೇಜರ್ ಫೋನ್ ಬಂತು. "ನಾಲ್ಕು ಗಂಟೆಗೆ ನನ್ನ ಕ್ಯಾಲೆಂಡರಲ್ಲಿ ಟೆಸ್ಟ್ ಅಂತ ಏನೋ ಇದೆ. ಯಾವ ರೂಮಿಗೆ ಬರಬೇಕು?" ತಾವೇ ಹಾಕಿದ್ದು ಅವರಿಗೆ ಮರೆತೇಹೋಗಿತ್ತು. ಕ್ಷಮಿಸಿ ಸರ್, ಅಳಿಸಿಬಿಡಿ ಅಂದೆ. "ಅಯ್ಯೋ, ಅದರಲ್ಲಿ ಅಳಿಸಬೇಡಿ ಅಂತ ಬರೆದಿತ್ತಲ್ಲ, ಮೇಡಂ ಅದನ್ನ ಮುಟ್ಟದೆ ಕ್ಲೈಂಟ್ ಮೀಟಿಂಗನ್ನೇ ಐದಕ್ಕೆ ತಳ್ಳಿದ್ದಾರೆ" ಅಂದರು.